ನೆಗೆಣ್ಣಿಯ ರಕ್ತಕ್ಕೆ ನೆನಪಿದ್ದದ್ದು

ತಿಕೋಟಾಕ್ಕೆ ಸೊಸೆಯಾಗಿ ಬಂದಾಗ ನನಗೆ ನನ್ನ ಸ್ವಚ್ಛತೆಯ ಬಗ್ಗೆ ಭಾರೀ ಜಂಬವಿತ್ತು. ಮುಂಬೈಯ ನಾಲ್ಕನೇ ಮಹಡಿಯಲ್ಲಿ ಬೆಳೆದವಳು ನಾನು. ಮಣ್ಣು ಕಂಡದ್ದು ತುಳಸಿ ಕುಂಡದಲ್ಲಿ ಮಾತ್ರ. ಮೈದುನನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ, ಬಿಜ್ಜರಗಿಯವಳು. ಆಡಿನ ಮರಿಗಳ ಜೊತೆ ಬೆಳೆದವಳು. ಹೊಲದಿಂದ ಕಿತ್ತ ಗಜ್ಜರಿಯನ್ನು ಸೆರಗಿಗೆ ಒರೆಸಿ ಹಾಗೇ ಕಡಿಯುತ್ತಿದ್ದಳು. ಒಣದ್ರಾಕ್ಷಿ ಶೆಡ್ಡಿನಲ್ಲಿ ಇಲಿ ಕಾಟಕ್ಕೆಂದು ಸಾಕಿದ್ದ ಬೆಕ್ಕು ಅವಳ ಮಡಿಲಲ್ಲೇ ಮಲಗುತ್ತಿತ್ತು. ನಾನು ಮೂಗು ಮುರಿಯುತ್ತಿದ್ದೆ. ಅವಳು ನಗುತ್ತಿದ್ದಳು.

ಇಬ್ಬರೂ ಒಂದೇ ಸಲ ಬಸುರಿಯರಾದೆವು. ವಿಜಯಪುರದ ಹೆರಿಗೆ ಡಾಕ್ಟರ ಮುಂದೆ ನಾನು ಬೆಕ್ಕಿನ ದೂರು ತೆಗೆದೆ, ಇವಳಿಗೆ ಒಂದಿಷ್ಟು ಬುದ್ಧಿ ಹೇಳಲಿ ಎಂದು. ಅವರು ಇಬ್ಬರ ರಕ್ತವನ್ನೂ ಟಾಕ್ಸೊಪ್ಲಾಸ್ಮಾ ಪರೀಕ್ಷೆಗೆ ಕಳಿಸಿದರು. ಬೆಕ್ಕಿನ ಹೊಲಸು, ಮಣ್ಣು, ಅರೆಬೆಂದ ಮಾಂಸದಿಂದ ತಗಲುವ ಸೋಂಕು ಅದು. ಬಸುರಿನಲ್ಲಿ ಮೊದಲ ಸಲ ಬಂದರೆ ಕೂಸಿನ ಕಣ್ಣಿಗೆ, ಮಿದುಳಿಗೆ ಪೆಟ್ಟು ಬೀಳಬಹುದು ಎಂದರು.

ವರದಿ ಬಂದ ದಿನ ನಾನು ನೆಗೆಣ್ಣಿಯನ್ನು ಕನಿಕರದಿಂದ ನೋಡುತ್ತಾ ಕೂತಿದ್ದೆ. ಡಾಕ್ಟರು ಕನಿಕರದಿಂದ ನೋಡಿದ್ದು ನನ್ನನ್ನು.

"ಇವರಿಗೆ ಹಿಂದನ ಬಂದು ಹೋಗೈತ್ರಿ, ಸಣ್ಣವರಿದ್ದಾಗ ಇರಬೇಕು. ರಕ್ತ ಅದನ್ನ ನೆನಪಿಟ್ಟೈತಿ, ಕೂಸಿಗೆ ಅಂಜಿಕಿ ಇಲ್ಲ. ನಿಮ್ಮ ರಕ್ತಕ್ಕ ಅದರ ಗುರುತ ಇಲ್ರಿ. ಹುಷಾರ ಇರಬೇಕಾದವರು ನೀವು."

ನೆಗೆಣ್ಣಿ ತನ್ನ ಮುಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಹಾಸಿಗೆ ಹಿಡಿದ ನೆನಪೇ ಇಲ್ಲ ಎಂದಳು. ಆಡು ಮೇಯಿಸುತ್ತಿದ್ದ ಯಾವುದೋ ಮಧ್ಯಾಹ್ನ, ಅವಳಿಗೇ ಗೊತ್ತಾಗದಂತೆ, ಆ ಪುಟ್ಟ ಹುಡುಗಿಯ ಮೈ ಮುಂದೆಂದೋ ಹುಟ್ಟುವ ಕೂಸಿಗೆ ಕಾವಲು ಇಟ್ಟುಬಿಟ್ಟಿತ್ತು. ನನಗೆ ಮೈ ಜುಮ್ಮೆಂದಿತು. ಹಿಂದೆಯೇ ನಾಚಿಕೆಯಾಯಿತು. ಮುಂಬೈಯ ಸಾಬೂನೆಲ್ಲ ಸೇರಿ ನನ್ನ ಕೂಸಿಗೆ ಇಷ್ಟು ಮಾಡಿರಲಿಲ್ಲ.

ತಿಕೋಟಾ ಬಸ್ಸಿನಲ್ಲಿ ಅಳು ತಡೆಯಲಾಗಲಿಲ್ಲ. ಅವಳು ನನ್ನ ಕೈ ಹಿಡಿದುಕೊಂಡಳು.

"ಅಕ್ಕಾ, ಮಣ್ಣಿನ ಕೆಲಸ ಎಲ್ಲಾ ನನಗ ಬಿಡ್ರಿ. ನಿಮ್ಮ ಪಾಲಿಂದೂ ನಾನ ಮುಟ್ಟತೇನಿ."

ಹಾಗೇ ಮಾಡಿದಳು. ತನ್ನ ಹೊಟ್ಟೆ ಹೊತ್ತುಕೊಂಡೇ ಅಂಗಳ ಗುಡಿಸಿದಳು, ಮೆಂತೆ, ಕೊತ್ತಂಬರಿಯನ್ನು ಮೂರು ನೀರಿನಲ್ಲಿ ತೊಳೆದು ನನ್ನ ಮುಂದಿಟ್ಟಳು. ಬೆಕ್ಕು ಮನೆಯ ಕಡೆ ಬಂದರೆ ಎತ್ತಿಕೊಂಡು ಹೋಗಿ ಶೆಡ್ಡಿಗೆ ಬಿಟ್ಟು ಬರುತ್ತಿದ್ದಳು. ನಾನು ಗಜ್ಜರಿಗೆ ಕೈ ಹಾಕಿದರೆ, ತೊಳೆದೀರೇನು ಎಂದು ಈಗ ಅವಳೇ ನನಗೆ ಕಣ್ಣು ಬಿಡುತ್ತಿದ್ದಳು.

ಮೊದಲು ಅವಳಿಗೆ ಗಂಡು, ಹದಿನೈದು ದಿನಕ್ಕೆ ನನಗೆ ಹೆಣ್ಣು. ಎರಡೂ ಗಟ್ಟಿಮುಟ್ಟು. ಡಾಕ್ಟರು ನನ್ನ ರಕ್ತವನ್ನು ಕೊನೆಯ ಸಲ ನೋಡಿ, ಈಗಲೂ ಸೋಂಕಿನ ಗುರುತಿಲ್ಲ, ಮುಂದಿನ ಬಸುರಿನಲ್ಲೂ ಹೀಗೇ ಜೋಪಾನ ಎಂದರು. ಮನೆಗೆ ಬಂದು ಆ ಹಾಳೆಯನ್ನು ನೆಗೆಣ್ಣಿಯ ಕೈಗೆ ಕೊಟ್ಟೆ. ಇದರಲ್ಲಿ ಏನು ಬಂದಿದೆ ಎಂದು ಕೇಳಿದಳು.

"ಏನೂ ಬಂದಿಲ್ಲ," ಎಂದೆ. "ಇಷ್ಟ ತಿಂಗಳ ನೀ ಮಾಡಿದ್ದೆಲ್ಲಾ ಇದರಾಗ ಐತಿ."