ಕಾಲ್ಮನ್ ಗಿಲ್ಡೇ ಮುಖವಾಡ ತೆಗೆದದ್ದು

ಗಿಲ್ಡೇ ಸಂಸಾರದ ಸುದ್ದಿ ನನ್ನ ಕಿವಿಗೆ ಮೊದಲು ಬಿದ್ದದ್ದು ಹಾಲಿನ ಡಿಪೋ ಮುಂದೆ, ಕತ್ತೆಗಾಡಿಗಳ ಸಾಲಿನಲ್ಲಿ. ನೆರೆಮನೆಯ ಹೊನೋರಿಯಾ ಹಿಂದಕ್ಕೆ ತಿರುಗಿ, ಜೌಗು ನೆಲದಂಚಿನ ಪಾಳುಮನೆಗೆ ಇಂಗ್ಲೆಂಡಿಗೆ ದುಡಿಯಲು ಹೋಗಿದ್ದ ಒಂದು ಸಂಸಾರ ಬಂದಿಳಿದಿದೆ, ಗಂಡಸು ಸುರಂಗದ ಕೆಲಸದಲ್ಲಿ ಕಾಲು ಜಜ್ಜಿಸಿಕೊಂಡಿದ್ದಾನೆ, ಹೆಂಡತಿಗೆ ಎದೆಯ ಕಾಯಿಲೆ, ಎರಡು ಎಳೆ ಮಕ್ಕಳು ಎಂದಳು. ಹೋದ ಊರಿನಲ್ಲಿ ದುಡ್ಡು ಮಾಡದೆ ಬಂದವರೂ ಉಂಟಲ್ಲ ಎಂದು ಯಾರೋ ನಕ್ಕರು.

ಕಾಲ್ಮನ್ ಉದ್ದನೆಯ ಆಳು, ಮಾತು ಕಡಿಮೆ. ಎಡಗಾಲು ಎಳೆದು ನಡೆಯುತ್ತಿದ್ದ. ಅವನ ಮನೆಗೆ ಒಂದು ಕ್ಯಾನು ಮಜ್ಜಿಗೆ ಕಳಿಸಿದರೆ ಆ ಕ್ಯಾನು ಖಾಲಿ ವಾಪಸು ಬರುತ್ತಿರಲಿಲ್ಲ. ಅಣಬೆಯೋ, ಕಾಡುಹಣ್ಣೋ, ಏನಾದರೂ ಅದರಲ್ಲಿರುತ್ತಿತ್ತು. ಒಮ್ಮೆ ಏನೂ ಸಿಗದೆ ನಮ್ಮ ಮುರುಕು ಕುರ್ಚಿಗೆ ಹುಲ್ಲಿನ ಹಗ್ಗ ಹೆಣೆದು ಕೊಟ್ಟುಹೋದ. ಕೊಡುವವರಿಗೇ ಸಂಕೋಚವಾಗಿ, ಕ್ರಮೇಣ ಕೊಡುವುದನ್ನೇ ಬಿಟ್ಟೆವು.

ಆ ವರ್ಷ ಅವನ ಆಲೂಗಡ್ಡೆ ನೆಲದಲ್ಲೇ ಕೊಳೆತುಹೋಯಿತು. ಅಷ್ಟರಲ್ಲಿ ಹ್ಯಾಲೊವೀನ್ ಹಬ್ಬ ಬಂತು.

ನಮ್ಮಲ್ಲಿ ಆ ಸಂಜೆ ಮುಖ ಮುಚ್ಚಿಕೊಂಡು ಯಾರು ಯಾರ ಬಾಗಿಲನ್ನಾದರೂ ತಟ್ಟಬಹುದು. ವೇಷದವರು ಬಾಯಿ ಬಿಡುವಂತಿಲ್ಲ. ಒಳಗಿದ್ದವರು ಇಂಥವನೇ ಎಂದು ಊಹಿಸಬೇಕು. ಹೆಸರು ಸರಿಯಾಗಿ ಹಿಡಿದರೆ ಮುಖವಾಡ ತೆಗೆಯಬೇಕು. ಹಿಡಿದರೂ ಹಿಡಿಯದಿದ್ದರೂ ಚೀಲಕ್ಕೆ ಸೇಬು, ಅಕ್ರೋಟು ಬೀಳುತ್ತದೆ. ಅದನ್ನು ಬೇಡುವುದು ಅನ್ನುವುದಿಲ್ಲ.

ಅವರ ಮನೆಯಲ್ಲಿ ಆ ದಿನ ಬಹಳ ಸಂಭ್ರಮವಿತ್ತಂತೆ. ಅವನ ಹೆಂಡತಿ ಅಟ್ರಾಕ್ಟಾ ಆಮೇಲೆ ನನಗೆ ಹೇಳಿದಳು. ಕಾಲ್ಮನ್ ಟರ್ನಿಪ್ ಗೆಡ್ಡೆ ಕೊರೆದು ಹಲ್ಲು ಕಿಸಿದ ದೀಪ ಮಾಡಿದನಂತೆ. ಹಿಟ್ಟಿನ ಚೀಲ ಹರಿದು ಮಕ್ಕಳಿಗೆ ಮುಖವಾಡ ಹೊಲಿದನಂತೆ. ನಾಲ್ಕು ವರ್ಷದ ಈಟಾ ಒಲೆಯ ಮಸಿ ಬಳಿದುಕೊಂಡು ಅಮ್ಮನ ಹಾಸಿಗೆ ಸುತ್ತ ಕುಣಿದಳಂತೆ, ಅಟ್ರಾಕ್ಟಾ ಕೆಮ್ಮು ಬರುವ ತನಕ ನಕ್ಕಳಂತೆ. ಆಮೇಲೆ ಅವನು ಒಂದು ಚೀಲವನ್ನು ತನ್ನ ತಲೆಗೂ ಏರಿಸಿ ಕಣ್ಣಿಗೆ ತೂತು ಮಾಡಿಕೊಂಡನಂತೆ. ಅವಳ ನಗು ಅಲ್ಲಿಗೇ ನಿಂತಿತಂತೆ.

ನಮ್ಮ ಅಡುಗೆಮನೆಯಲ್ಲಿ ಜನ ತುಂಬಿದ್ದರು. ಸಿಕ್ಕವರಿಗೆ ಅದೃಷ್ಟವೆಂದು ಉಂಗುರ ಹುದುಗಿಸಿದ ಹಬ್ಬದ ದ್ರಾಕ್ಷಿ ರೊಟ್ಟಿಯನ್ನು ಆಗಷ್ಟೇ ಕೊಯ್ದಿದ್ದೆ. ಬಾಗಿಲು ತೆರೆಯುವ ಮುಂಚೆಯೇ ಅಂಗಳದ ಕಲ್ಲಿನ ಮೇಲೆ ಕಾಲೆಳೆಯುವ ಸದ್ದು ಎಲ್ಲರಿಗೂ ಕೇಳಿಸಿತು. ಎರಡು ಪುಟ್ಟ ಚೀಲಮುಖ, ಹಿಂದೆ ಒಂದು ದೊಡ್ಡದು. ಮಕ್ಕಳ ಜೊತೆ ದೊಡ್ಡವರು ಬಂದರೆ ಹೊರಗೆ ನಿಲ್ಲುವುದು ವಾಡಿಕೆ. ಇವನೂ ಚೀಲ ಹಿಡಿದು ಒಳಗೆ ಬಂದಿದ್ದ. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ನನ್ನ ಗಂಡ ಮಾಟ್ಟಿ ಎದ್ದು ನಿಂತು ಗಡ್ಡ ಕೆರೆದುಕೊಂಡ. "ಈ ಉದ್ದಾಳು ಯಾರಿರಬಹುದಪ್ಪಾ? ಬಿಷಪ್ಪರೇ ಬಂದುಬಿಟ್ರೇನೋ."

"ಬಿಷಪ್ಪರಿಗೆ ಹೊಟ್ಟೆ ಎಷ್ಟಿದೆ ಗೊತ್ತೇನಯ್ಯಾ ನಿಂಗೆ?" ಎಂದಳು ಹೊನೋರಿಯಾ. "ಇದು ಪೊಲೀಸ್ ಸಾರ್ಜೆಂಟು. ಬೂಟು ನೋಡು."

ಹೀಗೆ ಒಬ್ಬೊಬ್ಬರೂ ಬೇಕೆಂದೇ ತಪ್ಪು ಹೆಸರು ಹೇಳುತ್ತ ಹೋದರು. ಎಲ್ಲರಿಗೂ ಗೊತ್ತಿತ್ತು, ಗೊತ್ತೆಂಬುದು ಅವನಿಗೂ ಗೊತ್ತಿತ್ತು. ಆ ಗದ್ದಲದಲ್ಲಿ ನಾನು ತೊಲೆಗೆ ತೂಗುಹಾಕಿದ್ದ ಹಂದಿಮಾಂಸದಿಂದ ಒಂದು ದೊಡ್ಡ ತುಂಡು ಕೊಯ್ದುಕೊಂಡು ಅವನ ಚೀಲದತ್ತ ಹೊರಟೆ. ಮುಖವಿಲ್ಲದವನಿಗೆ ಏನು ಕೊಟ್ಟರೂ ನಡೆಯುತ್ತದೆ.

ಈಟಾಗೆ ಇನ್ನು ತಡೆಯಲಾಗಲಿಲ್ಲ. ಇಷ್ಟು ಜನ ದೊಡ್ಡವರಿಗೆ ತಿಳಿಯದ್ದು ತನಗೆ ತಿಳಿದಿದೆ ಎಂಬ ಹಿಗ್ಗು. ಮುಖವಾಡವನ್ನು ಹಣೆಗೆ ಸರಿಸಿಕೊಂಡು, "ಅಯ್ಯೋ, ನಿಮಗ್ಯಾರಿಗೂ ಗೊತ್ತಾಗಲ್ವಾ? ಇದು ನಮ್ಮಪ್ಪ ಕಾಲ್ಮನ್ ಗಿಲ್ಡೇ" ಎಂದಳು.

ಆಟದ ನಿಯಮ ಅವನು ಮುರಿಯಲಿಲ್ಲ. ನಿಧಾನವಾಗಿ ಮುಖದ ಚೀಲ ತೆಗೆದ. ಕಿವಿ, ಕುತ್ತಿಗೆ ಎಲ್ಲ ಕೆಂಪಾಗಿತ್ತು. ಕೂದಲಿಗೆ ಹಿಟ್ಟು ಅಂಟಿತ್ತು. ಮಾಂಸ ಹಿಡಿದು ಅವನೆದುರು ನಿಂತ ನನ್ನ ಕೈ ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಒಂದು ಗಳಿಗೆ ಮುಂಚೆ ಹಬ್ಬದ ಉಡುಗೊರೆಯಾಗಿದ್ದದ್ದು ಈಗ ಭಿಕ್ಷೆಯಾಗಿತ್ತು.

"ಮಕ್ಕಳಿಗೆ ಸೇಬು ಸಾಕು, ಮಿಸೆಸ್" ಎಂದ. ಇಬ್ಬರ ಕೈ ಹಿಡಿದು ಹೊರಟ. ಅಂಗಳ ದಾಟುವವರೆಗೂ ಆ ಕಾಲಿನ ಸದ್ದು ಕೇಳಿಸುತ್ತಿತ್ತು, ನಾವು ಕೇಳಿಸದವರಂತೆ ಬೆಂಕಿ ನೋಡುತ್ತ ಕುಳಿತಿದ್ದೆವು. ರೊಟ್ಟಿಯನ್ನು ಯಾರೂ ಮುಟ್ಟಲಿಲ್ಲ.

ಅಂದಿನಿಂದ ಅವನು ಚರ್ಚಿನ ಒಳಗೆ ಕೂರಲಿಲ್ಲ. ಬಾಗಿಲಾಚೆ ಟೋಪಿ ಹಿಡಿದು ನಿಲ್ಲುತ್ತಿದ್ದ. ಅವನು ಎದುರಾದರೆ ನಾನೇ ತಪ್ಪು ಮಾಡಿದವಳಂತೆ ಬೇಲಿ ನೋಡುತ್ತಿದ್ದೆ. ಆದರೆ ಎಲ್ಲರಿಗಿಂತ ಹೆಚ್ಚು ಪೆಟ್ಟು ತಿಂದದ್ದು ಮಗು. ಯಾರೂ ಅವಳನ್ನು ಗದರಿರಲಿಲ್ಲ. ಆ ಮೌನವೇ ಅವಳಿಗೆ ಸಾಕಾಗಿತ್ತು. ನಾಲ್ಕು ಜನರೆದುರು ಅವಳು ಅವನನ್ನು ಅಪ್ಪಾ ಎಂದು ಕರೆಯುವುದನ್ನೇ ಬಿಟ್ಟಳು. ಬೇಕಾದರೆ ಕೋಟಿನ ತುದಿ ಎಳೆಯುತ್ತಿದ್ದಳು. ಶಾಲೆಗೆ ಸೇರಿದ ದಿನ ಟೀಚರು ಯಾರ ಮಗಳು ನೀನು ಎಂದು ಕೇಳಿದ್ದಕ್ಕೆ ಅಟ್ರಾಕ್ಟಾಳ ಮಗಳು ಎಂದಷ್ಟೇ ಹೇಳಿದಳಂತೆ. ಅವನಿಗೆ ನಾಚಿಕೆಯಾಗುತ್ತದೆ ಎಂದು ಅವಳು ಆ ಹೆಸರನ್ನು ಬಾಯಿಗೆ ತರುತ್ತಿರಲಿಲ್ಲ. ಅವನೋ, ತನ್ನ ಹೆಸರು ಹೇಳಲು ಅವಳಿಗೇ ನಾಚಿಕೆ ಎಂದು ಕೊರಗುತ್ತಿದ್ದ.

ಮರುವರ್ಷ ಹಬ್ಬಕ್ಕೆ ಮುಂಚೆ ಅವನಿಗೆ ಇಂಗ್ಲೆಂಡಿನಲ್ಲಿ ಕಾವಲುಗಾರನ ಕೆಲಸ ಸಿಕ್ಕಿತು. ಅವನು ತಿರುಗಿ ಬರಲಿಲ್ಲ, ಅಲ್ಲೇ ಮಣ್ಣಾದ. ಹೊರಟ ಬೆಳಿಗ್ಗೆ ಬಸ್ಸಿನ ತಿರುವಿನಲ್ಲಿ ನಾನು ಸಿಕ್ಕಿದೆ. ಬೇಲಿ ನೋಡಲು ಹೊರಟವಳನ್ನು ಅವನೇ ನಿಲ್ಲಿಸಿದ. ಒಂದು ವರ್ಷದಲ್ಲಿ ಅವನು ನನ್ನ ಕಣ್ಣು ನೋಡಿ ಮಾತಾಡಿದ್ದು ಅದೇ ಮೊದಲು.

"ಹಬ್ಬಕ್ಕೆ ಮಕ್ಕಳು ನಿಮ್ಮನೇಗೆ ಬರ್ತಾರೆ, ಮಿಸೆಸ್. ಈಟಾನ ಬೇಗ ಗುರುತು ಹಿಡೀರಿ, ಸತಾಯಿಸ್ಬೇಡಿ. ಆದ್ರೆ ಈಟಾ ಅನ್ಬೇಡಿ. ಕಾಲ್ಮನ್ ಗಿಲ್ಡೇ ಮಗಳು ಅನ್ನಿ. ಎಲ್ರಿಗೂ ಕೇಳೋ ಹಾಗೆ ಅನ್ನಿ."