ಬಾದಾಮಿಯಿಂದ ಇಳಕಲ್ಲಿಗೆ, ಬಿರುಗಾಳಿಯ ಮರುದಿನ

ಹುಬ್ಬಳ್ಳಿಯಲ್ಲಿ ರೈಲಿಳಿದು ಬಾಗಲಕೋಟೆಯ ಬಸ್ಸು ಹತ್ತಿದ ನಾನು ಕುಳಗೇರಿ ಕ್ರಾಸ್‌ನಲ್ಲಿ ಇಳಿದಾಗ ನಡುಮಧ್ಯಾಹ್ನ. ಮೇ ತಿಂಗಳ ಬಿಸಿಲಿಗೆ ರಸ್ತೆಯ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ತುಮಕೂರಿನಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಅದಕ್ಕೆ ನಾಲ್ಕಾರು ದಿನ ಬೀಗ ಹಾಕಿ, ಬಾದಾಮಿಯ ಗುಹೆಗಳನ್ನು ನೋಡಿಕೊಂಡು ಇಳಕಲ್ಲಿನ ನೀಲವ್ವನ ಮನೆಗೆ ಹೋಗುವುದು ನನ್ನ ಲೆಕ್ಕಾಚಾರ. ನೀಲವ್ವ ಸೀರೆ ನೇಯುವವಳು. ಕೆಲವು ವರ್ಷಗಳ ಹಿಂದೆ ನಮ್ಮೂರಿನ ಕೈಮಗ್ಗದ ಮೇಳಕ್ಕೆ ಬಂದವಳು ಜ್ವರ ಬಂದು ಮಲಗಿದಾಗ ನಮ್ಮ ಮನೆಗೆ ಕರೆದುಕೊಂಡು ಹೋಗಿದ್ದೆ. ಅಂದಿನಿಂದ ಫೋನಿನಲ್ಲೇ ನಂಟು ಬೆಳೆದಿತ್ತು. ಈಗ ನನ್ನ ಮಗಳ ಮದುವೆಯ ಸೀರೆ ಅವಳ ಮಗ್ಗದ ಮೇಲಿತ್ತು. ‘ಸೀರಿ ಮೈಗೆ ಸೆರಗು ಕೂಡ್ಸೂದ್ರಾಗ ಬಂದು ನೋಡ್ರಿ ಸುಮಕ್ಕಾರ’ ಎಂದು ಕರೆದಿದ್ದಳು.

ಕ್ರಾಸಿನ ಚಹಾದ ಅಂಗಡಿಯಲ್ಲಿ ಮಿರ್ಚಿ, ಗಿರ್ಮಿಟ್ಟು ತಿಂದು ಬಾದಾಮಿಯ ಬಸ್ಸಿಗೆ ಕಾದೆ. ಗೋಡೆಯ ಮೇಲಿನ ಟಿವಿಯಲ್ಲಿ ಬಂಗಾಳ ಕೊಲ್ಲಿಯ ಚಂಡಮಾರುತದ ಸುದ್ದಿ ಬರುತ್ತಿತ್ತು. ಆಂಧ್ರದ ಕರಾವಳಿಯಲ್ಲಿ ತೆಂಗಿನ ಮರಗಳು ಬಾಗಿ ನೆಲ ಮುಟ್ಟುತ್ತಿದ್ದವು. ಅದರ ಪ್ರಭಾವ ಒಳನಾಡಿಗೂ ಬರುತ್ತದೆ ಎಂದು ಟಿವಿಯಲ್ಲಿ ಹೇಳಿದ್ದನ್ನು ನಾನೇ ಕೇಳಿಸಿಕೊಂಡೆ. ಅಂಗಡಿಯವರು ಲೋಟ ತೊಳೆಯುತ್ತ ನಕ್ಕರು. ‘ಸಮುದ್ರ ಎಲ್ಲಿ, ಕುಳಗೇರಿ ಎಲ್ಲಿ? ಒಂದೀಟು ಮಳಿ ಬಂದ್ರ ಛಲೋನ ಆತು, ನೆಲಾ ತಂಪಾಕ್ಕೈತಿ.’ ಆ ಸೆಕೆಯಲ್ಲಿ ನನಗೂ ಹಾಗೇ ಅನ್ನಿಸಿತು.

ಬಾದಾಮಿಯಲ್ಲಿ ಲಾಡ್ಜಿಗೆ ಚೀಲ ಹಾಕಿ, ಬಿಸಿಲು ಇಳಿಯುವ ಹೊತ್ತಿಗೆ ಗುಹೆಗಳ ಮೆಟ್ಟಿಲು ಹತ್ತಿದೆ. ಮೂರನೆಯ ಗುಹೆಯ ಮುಂದೆ ನಿಂತರೆ ಕೆಳಗೆ ಊರು, ಬಲಕ್ಕೆ ಕೆರೆ, ಕೆರೆಯ ಆಚೆ ದಡದಲ್ಲಿ ಭೂತನಾಥ ಗುಡಿ ಕಾಣುತ್ತವೆ. ನಾನು ಗುಡಿಯ ಫೋಟೋ ತೆಗೆಯಲು ಫೋನೆತ್ತಿದೆ. ಗುಡಿ ಇತ್ತು, ಅದರ ಹಿಂದಿನ ಆಕಾಶ ಇರಲಿಲ್ಲ. ಅಲ್ಲಿ ಕೆಂಪು ಮಣ್ಣಿನ ಗೋಡೆಯೊಂದು ಎದ್ದು ನಮ್ಮ ಕಡೆಗೆ ಬರುತ್ತಿತ್ತು. ಕಾವಲಿನವರು ಸೀಟಿ ಊದುತ್ತ ಓಡಿ ಬಂದರು. ‘ಒಳಗ ನಡೀರಿ! ಎಲ್ಲಾರೂ ಒಳಗ! ಕಂಬದ ಹಿಂದ ನಿಂದರ್ರಿ!’

ಒಳಗೆ ಸೇರುವಷ್ಟರಲ್ಲಿ ಗಾಳಿ ಬಂದೇ ಬಿಟ್ಟಿತು. ಅದರ ಸದ್ದು ನನ್ನ ಎದೆಯೊಳಗಿಂದಲೇ ಏಳುತ್ತಿದೆಯೇನೋ ಅನ್ನಿಸಿತು. ಕೆಳಗಿನ ಊರಿನಿಂದ ತಗಡುಗಳು ಎದ್ದು ತಿರುಗುತ್ತ ಮೇಲೆ ಬಂದವು. ಒಂದು ಬಂಡೆಗೆ ಬಡಿದು ಮಡಚಿ ಬಿತ್ತು. ಆಮೇಲೆ ಆಲಿಕಲ್ಲು. ಆಗ ಗುಹೆಯೊಳಕ್ಕೆ ಕೋತಿಗಳು ನುಗ್ಗಿದವು. ಸ್ವಲ್ಪ ಹೊತ್ತಿನ ಹಿಂದೆ ನನ್ನ ಕೈಯ ನೀರಿನ ಬಾಟಲಿ ಕಿತ್ತುಕೊಂಡ ಅವೇ ಕೋತಿಗಳು ನಮ್ಮ ಕಾಲುಗಳ ನಡುವೆ ಕೂತವು. ಯಾವುದೂ ಹಲ್ಲು ತೋರಿಸಲಿಲ್ಲ, ಯಾರ ಚೀಲಕ್ಕೂ ಕೈ ಹಾಕಲಿಲ್ಲ. ಮರಿ ಅಪ್ಪಿಕೊಂಡಿದ್ದ ಒಂದು ತಾಯಿ ನನ್ನ ಸೀರೆಯ ನೆರಿಗೆ ಹಿಡಿದುಕೊಂಡಿತ್ತು. ನಾನು ಬಿಡಿಸಿಕೊಳ್ಳಲಿಲ್ಲ. ನನ್ನ ಕೈ ಪಕ್ಕದಲ್ಲಿ ನಿಂತಿದ್ದ, ಯಾರೆಂದೇ ಗೊತ್ತಿಲ್ಲದ ಹೆಂಗಸೊಬ್ಬಳ ತೋಳನ್ನು ಹಿಡಿದಿತ್ತು.

ಗಾಳಿ ನಿಂತ ಮೇಲೆ ಇಳಿದು ಬಂದರೆ ನಾನು ಹತ್ತಿ ಹೋದ ರಸ್ತೆಯೇ ಇಲ್ಲ. ಬೇವಿನ ಮರಗಳು ಅಡ್ಡ ಬಿದ್ದಿದ್ದವು. ಕರೆಂಟಿನ ಕಂಬಗಳು ಬುಡಕ್ಕೆ ಮುರಿದಿದ್ದವು. ಎಳನೀರಿನ ಗಾಡಿಯೊಂದು ಚರಂಡಿಯಲ್ಲಿ ಮಗುಚಿತ್ತು, ಅದರ ಒಡತಿ ಪಕ್ಕದಲ್ಲಿ ಕೂತು ಸುಮ್ಮನೆ ಗಾಲಿಯನ್ನು ನೋಡುತ್ತಿದ್ದಳು. ನೀಲವ್ವನಿಗೆ ಫೋನು ಹಚ್ಚಿದೆ. ಹತ್ತಲಿಲ್ಲ. ಮತ್ತೆ ಮತ್ತೆ ಹಚ್ಚಿದೆ. ಲಾಡ್ಜಿನ ಮಾಲೀಕರು, ‘ಇಳಕಲ್ಲಿಗೆ ನಮಗಿಂತ ಮೊದಲ ಬಂದಿತ್ತಂತ್ರಿ. ಅಲ್ಲಿ ಭಾಳ ಆಗೇತಿ ಅಂತಾರ’ ಎಂದರು. ಅಂದರೆ ನಾನು ಕಂಬದ ಕೆತ್ತನೆಗಳನ್ನು ನೋಡುತ್ತ ನಿಂತಿದ್ದಾಗಲೇ ಅಲ್ಲಿ ಎಲ್ಲ ಮುಗಿದಿತ್ತು.

ಮರುದಿನ ಬೆಳಿಗ್ಗೆ ಬಸ್ಸುಗಳಿರಲಿಲ್ಲ. ಮಹಾಂತೇಶ ಎಂಬ ಚಾಲಕ ತನ್ನ ಮೂರು ಗಾಲಿಯ ಟಂಟಂನಲ್ಲಿ ಅಮೀನಗಡದ ತನಕ ಬಿಡಲು ಒಪ್ಪಿದ. ಅವನ ಅಕ್ಕನ ಮನೆಯೂ ಅಲ್ಲಿತ್ತು, ಅವನಿಗೂ ಫೋನು ಹತ್ತಿರಲಿಲ್ಲ. ಶಿವಯೋಗ ಮಂದಿರ ದಾಟಿ ಮಲಪ್ರಭೆಯ ದಂಡೆಗುಂಟ ಹೋಗುವಾಗ ಬಾಳೆಯ ತೋಟಗಳೆಲ್ಲ ಒಂದೇ ದಿಕ್ಕಿಗೆ ಮಲಗಿದ್ದವು. ನಿಂತ ಗಿಡ ಒಂದೂ ಇಲ್ಲ. ಮುಂದೆ ದೊಡ್ಡ ಹುಣಸೆಮರವೊಂದು ಬೇರುಸಮೇತ ರಸ್ತೆಗೆ ಉರುಳಿತ್ತು. ಮಹಾಂತೇಶ ಗಾಡಿಯನ್ನು ಹೊಲಕ್ಕಿಳಿಸಿ ಸುತ್ತಿ ತರುತ್ತೇನೆಂದ. ನಾನು ಇಳಿದು ನಡೆದೆ. ನೆಲದ ತುಂಬ ಹಸಿರು ಎಲೆ ಉದುರಿದೆ ಎಂದುಕೊಂಡು ಕಾಲಿಟ್ಟೆ. ಮೆತ್ತಗೆ ಸಿಕ್ಕಿತು. ಬಗ್ಗಿ ನೋಡಿದರೆ ಅವು ಎಲೆಗಳಲ್ಲ, ಗಿಳಿಗಳು. ಸಂಜೆ ಗೂಡಿಗೆಂದು ಆ ಮರಕ್ಕೆ ಬಂದ ಹಿಂಡು ಹಿಂಡೇ ಆಲಿಕಲ್ಲಿಗೆ ಸಿಕ್ಕಿ ಸತ್ತು ಬಿದ್ದಿತ್ತು. ಕೆಂಪು ಕೊಕ್ಕುಗಳು ಕೆಸರಿನಲ್ಲಿ ಹೂತಿದ್ದವು. ಮುಂದೆ ಹೆಜ್ಜೆಯಿಡಲು ಜಾಗ ಸಿಗದೆ ಅಲ್ಲೇ ನಿಂತುಬಿಟ್ಟೆ.

‘ಈ ಕಡಿಂದ ಬರ್ರಿ ಯವ್ವಾ, ಈ ಕಡಿಂದ’ ಎಂದು ಯಾರೋ ಕರೆದರು. ಕಂಬಳಿ ಹೊದ್ದ ಕುರಿಗಾರರೊಬ್ಬರು ಮರದ ಆಚೆಗೆ ನಿಂತಿದ್ದರು. ಹೆಸರು ಸಿದ್ದಪ್ಪ. ಅವರ ಕುರಿಗಳು ಮರದ ಕೆಳಗಿದ್ದವು. ದಪ್ಪ ಕೊಂಬೆಗಳ ಅಡಿಯಿಂದ ಬಿಳಿ ಕಪ್ಪು ಉಣ್ಣೆ ಮಾತ್ರ ಕಾಣುತ್ತಿತ್ತು. ಅವರೇ ಹೇಳಿದರು: ‘ಗಾಳಿ ಬಂತು. ಬಯಲಾಗ ಬಿಟ್ರ ಆಣೆಕಲ್ಲಿಗೆ ಸಾಯ್ತಾವಂತ ನಾನಽ ಗಿಡದ ಬುಡಕ್ಕ ಹೊಡದೆ. ನಮ್ಮ ದೇವ್ರು ಬೀರಪ್ಪ ಕಾಯ್ತಾನ ಅಂದೆ. ಗಿಡಾನಽ ಬಿತ್ತು.’

ಸ್ವಲ್ಪ ದೂರದಲ್ಲಿ ಅವರ ಹೆಂಡತಿ ಮಾಯವ್ವ ಉಳಿದ ಕುರಿಯೊಂದನ್ನು ಮೊಣಕಾಲ ನಡುವೆ ಗಟ್ಟಿಯಾಗಿ ಹಿಡಿದು, ತಾಯಿ ಸತ್ತ ಮರಿಗೆ ಹಾಲು ಕುಡಿಸುತ್ತಿದ್ದರು. ಕುರಿ ಒದೆಯುತ್ತಿತ್ತು. ‘ತನ್ನ ಮರಿ ಅಲ್ಲಂತ ಅದಕ್ಕ ಗೊತ್ತೈತಿ. ಅದರ ಮರೀನೂ ಹೋಗೇತಿ. ಹಿಂಗ ಹಿಡಕೊಂಡು ಕುಂತ್ರ ನಾಳಿ ನಾಡಿದ್ದು ತಾನಽ ಕುಡಸ್ತೈತಿ’ ಎಂದರು. ಅವರ ಹಣೆಯಲ್ಲಿ ಆಲಿಕಲ್ಲಿನ ಗಾಯ ಊದಿಕೊಂಡಿತ್ತು. ಪರಿಹಾರಕ್ಕಾಗಿ ಸತ್ತ ಕುರಿಗಳ ಲೆಕ್ಕ ಬರೆದುಕೊಳ್ಳುವವರು ಬರುವ ತನಕ ಮರ ಕದಲಿಸಬಾರದೆಂದು ಯಾರೋ ಹೇಳಿ ಹೋಗಿದ್ದರಂತೆ. ಬಿಸಿಲು ಏರುತ್ತಿತ್ತು. ನೊಣ ಮುತ್ತಲು ಶುರುವಾಗಿತ್ತು.

ಅಮೀನಗಡದಲ್ಲಿ ಮಹಾಂತೇಶನ ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಅವನು ಅವಳ ಕಾಲ ಬಳಿ ಕುಕ್ಕರಿಸಿ ಕೂತುಬಿಟ್ಟ. ಅವನನ್ನು ಅಲ್ಲೇ ಬಿಟ್ಟು ನಾನು ಹುನಗುಂದದ ಬಸ್ಸು ಹಿಡಿದೆ. ಅಲ್ಲಿನ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ ಮುಂದಿಟ್ಟರು. ಬಡಿಸುತ್ತಿದ್ದ ಅಮ್ಮ ನನ್ನ ಮಾತಿನಿಂದಲೇ ಪರವೂರಿನವಳೆಂದು ಗುರುತಿಸಿ ಎಲ್ಲಿಗೆ ಹೊರಟಿದ್ದೀರಿ ಎಂದು ಕೇಳಿದರು. ‘ಇಳಕಲ್ಲಿಗೆ, ನೇಕಾರರ ಓಣಿಗೆ’ ಎಂದೆ. ಅವರು ಕೈಯಲ್ಲಿದ್ದ ಸೌಟು ಕೆಳಗಿಟ್ಟರು. ‘ಉಂಡು ಹೋಗ್ರಿ ತಂಗೀ. ಅಲ್ಲಿ ಒಲಿ ಹಚ್ಚಿದವರು ಯಾರೂ ಇಲ್ಲ.’

ಇಳಕಲ್ಲಿನ ಆ ಓಣಿಗೆ ಕಾಲಿಟ್ಟಾಗ ಮೊದಲು ಕಂಡದ್ದು ನೂಲು. ಕೆಂಪು, ಹಳದಿ, ನವಿಲುಗತ್ತಿನ ಬಣ್ಣದ ರೇಷ್ಮೆ ಎಳೆಗಳು ಬೇವಿನ ಕೊಂಬೆಗೆ, ಹರಿದ ತಂತಿಗಳಿಗೆ, ಮುರಿದ ಕಿಟಕಿಗಳಿಗೆ ಸುತ್ತಿಕೊಂಡಿದ್ದವು. ಹಬ್ಬಕ್ಕೆ ಸಿಂಗರಿಸಿದ ಬೀದಿಯಂತೆ ಕಂಡು, ಹಾಗೆ ಕಂಡದ್ದಕ್ಕೇ ನನಗೆ ಹೇಸಿಕೆಯಾಯಿತು. ಮನೆಗಳಿಗೆ ತಲೆಯೇ ಇರಲಿಲ್ಲ. ಗೋಡೆಗಳ ನಡುವೆ ಮಂಚ, ಪಾತ್ರೆ, ದೇವರ ಜಗಲಿ ಎಲ್ಲ ಬಯಲಿಗೆ ಬಿದ್ದಿದ್ದವು.

ನೀಲವ್ವನ ಗಂಡ ಸಂಗಪ್ಪನವರು ಅಂಗಳದಲ್ಲಿ ಒಬ್ಬರೇ ತಗಡು ಎಳೆಯುತ್ತಿದ್ದರು. ನನ್ನನ್ನು ಕಂಡು ಕೈಮುಗಿದರು. ಅವರ ಬಾಯಿಂದ ಬಂದ ಮೊದಲ ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ. ‘ನಿಮ್ಮ ಸೀರಿ ಹೋತ್ರಿ ಅಕ್ಕಾರ. ತಪ್ಪು ತಿಳೀಬ್ಯಾಡ್ರಿ.’

‘ಸೀರೆ ಸುಡಲಿ, ನೀಲವ್ವ ಎಲ್ಲಿ?’ ಎಂದು ನಾನು ಬಹುಶಃ ಕೂಗಿಯೇಬಿಟ್ಟೆ.

‘ಜೀವಂತ ಅದಾಳ್ರಿ. ಬಾಗಲಕೋಟಿ ದವಾಖಾನ್ಯಾಗ. ಬರ್ರಿ, ತೋರಸ್ತೇನಿ.’

ಒಳಗೆ ಕರೆದುಕೊಂಡು ಹೋಗಿ ಮಗ್ಗ ತೋರಿಸಿದರು. ನೀಲವ್ವನದು ಕುಣಿಮಗ್ಗ. ನೇಯುವವರು ನೆಲದ ಮಟ್ಟದಲ್ಲಿ ಕೂತು, ಕಾಲುಗಳನ್ನು ಕೆಳಗಿನ ಕುಣಿಗೆ ಇಳಿಬಿಟ್ಟು ಹಲಗೆ ತುಳಿಯುತ್ತಾರೆ. ಆ ಮಗ್ಗದ ಮೇಲೆ ಈಗ ಮಾಡಿನ ತೊಲೆ ಬಿದ್ದಿತ್ತು. ಮಗ್ಗದ ಚೌಕಟ್ಟು ಮುರಿದು ಕುಸಿದಿದ್ದರೂ ತೊಲೆಯನ್ನು ಪೂರ್ತಿ ನೆಲಕ್ಕೆ ಬಿಟ್ಟಿರಲಿಲ್ಲ. ಕುಣಿಯಲ್ಲಿ ಬಣ್ಣದ ನೀರು ನಿಂತಿತ್ತು.

ಸಂಗಪ್ಪನವರು ನೂಲಿಗೆ ಬಣ್ಣ ಹಾಕಿಸಲು ಹೋಗಿದ್ದರಂತೆ. ಎದುರುಮನೆಯ ರೇಣುಕಾ ತನ್ನ ಎಳೆಗೂಸನ್ನು ನೀಲವ್ವನ ಮನೆಯ ತೊಟ್ಟಿಲಲ್ಲಿ ಮಲಗಿಸಿ ರೇಷನ್ ಅಂಗಡಿಗೆ ಹೋಗಿದ್ದಳು. ಗಾಳಿ ಬಂದು ಮೊದಲ ತಗಡು ಕಿತ್ತಿತು. ನೀಲವ್ವ ಕೂಸನ್ನೆತ್ತಿಕೊಂಡು ಬಾಗಿಲಿಗೆ ಬಂದಳು. ‘ಓಣ್ಯಾಗ ತಗಡು ಕತ್ತಿ ಬೀಸಿದಂಗ ಹಾರಾಕತ್ತಿದ್ದೂವಂತ. ಹೊರಗ ಹೋದ್ರ ಕೂಸಿನ ಕುತ್ತಿಗಿ ಉಳಿಯಂಗಿಲ್ಲ ಅಂತ ತಿರುಗಿ ಬಂದಾಳ. ಕುಣಿಯಾಗ ಇಳದು, ಕೂಸಿನ ಮ್ಯಾಲೆ ತಾ ಬಾಗಿ ಕುಂತಾಳ. ಆಮ್ಯಾಲೆ ತೊಲಿ ಬಿದ್ದೈತಿ. ಎಳೆಯಾಕ ಬಂದ ಮಂದಿಗೆ ಕೂಸಿನ ಅಳು ಒಂದಽ ಕೇಳ್ಸಿತ್ತಂತ, ಇಕಿದು ಕೇಳ್ಸಲಿಲ್ಲಂತ.’ ಅವರು ತೊಲೆಯ ತುದಿಯ ಮೇಲೆ ಕೈಯಿಟ್ಟರು. ‘ಬಲಗೈ ಹೊರಗ ಉಳದಿತ್ರಿ’ ಎಂದರು.

ಆ ರಾತ್ರಿ ಓಣಿಯವರೆಲ್ಲ ಮಲಗಿದ್ದ ಶಾಲೆಯಲ್ಲೇ ನನಗೂ ಜಾಗ ಕೊಟ್ಟರು. ಬೆಳಿಗ್ಗೆ ಸಂಗಪ್ಪನವರ ಜೊತೆ ಹುನಗುಂದದ ಮೇಲೆ ಬಾಗಲಕೋಟೆಗೆ ಹೋದೆ. ದವಾಖಾನೆಯ ವರಾಂಡದಲ್ಲೂ ಹಾಸಿಗೆ ಹಾಕಿದ್ದರು. ತಲೆಗೆ ಪಟ್ಟಿ, ಕಾಲಿಗೆ ಪಟ್ಟಿ. ಎಲ್ಲರದೂ ಒಂದೇ ಕಥೆ: ತಗಡು, ತೊಲೆ, ಗೋಡೆ, ಮರ. ಮೂಲೆಯ ಮಂಚದಲ್ಲಿ ನೀಲವ್ವ ಕೂತಿದ್ದಳು. ಬಲಗೈ ಮೊಣಕೈವರೆಗೂ ಬಿಳಿ ಪಟ್ಟಿಯೊಳಗಿತ್ತು. ಹೆಬ್ಬೆರಳು, ತೋರುಬೆರಳು ಇರಬೇಕಾದ ಕಡೆ ಪಟ್ಟಿ ಚಪ್ಪಟೆಯಾಗಿತ್ತು. ನನ್ನ ಕಣ್ಣು ಅಲ್ಲೇ ನಿಂತುಬಿಟ್ಟಿತು. ಮಗ್ಗದಲ್ಲಿ ಲಾಳಿ ಎಸೆಯುವ ಕೈ ಅದು.

‘ಬರ್ರಿ ಸುಮಕ್ಕಾರ, ಬರ್ರಿ. ಚಹಾ ಕುಡದ್ರ್ಯಾ?’ ಎಂದಳು, ತನ್ನ ಮನೆಯ ಪಡಸಾಲೆಯಲ್ಲಿ ಕೂತವಳಂತೆ. ‘ಬಾದಾಮಿ ನೋಡಿದ್ರ್ಯಾ? ಛಲೋ ಐತಲ್ಲ?’

ನಾನು ಮಂಚದ ಅಂಚಿಗೆ ಕೂತು ಅವಳ ಎಡಗೈ ಹಿಡಿದುಕೊಂಡೆ. ಅಷ್ಟರಲ್ಲಿ ರೇಣುಕಾ ಕೂಸಿನೊಂದಿಗೆ ಬಂದಳು. ಕೂಸಿಗೆ ಒಂದು ಗೀರೂ ಆಗಿರಲಿಲ್ಲ. ಅವಳು ಅದನ್ನು ನೀಲವ್ವನ ತೊಡೆಯ ಮೇಲಿಟ್ಟು, ಮಂಚದ ಕಾಲಿಗೆ ಹಣೆ ಹಚ್ಚಿದಳು. ನೀಲವ್ವ ಗದರಿದಳು. ‘ಏಳಲೇ ಹುಚ್ಚಿ. ನಾ ಏನ್ ಸತ್ತೇನೇನು? ಕೂಸಿಗೆ ಹಸಿವಾಗೇತಿ ನೋಡು.’ ನಗುತ್ತಲೇ ಹೇಳಿದಳು. ಡಾಕ್ಟರು ಬಂದಾಗಲೂ ನಗುತ್ತಲೇ ಮಾತಾಡಿದಳು. ಮುಂದೆ ನೇಯಲಾಗುತ್ತದೆಯೇ ಎಂದು ಗಂಡ ಕೇಳಿದ್ದಕ್ಕೆ ಡಾಕ್ಟರು ತಲೆ ಅಲ್ಲಾಡಿಸಿದಾಗಲೂ ಕೂಸಿನ ಅಂಗಿಯ ಗುಂಡಿ ಹಾಕುತ್ತಿದ್ದಳು, ಎಡಗೈಯಲ್ಲಿ, ತಡವರಿಸುತ್ತ.

ಅವರೆಲ್ಲ ಹೊರಗೆ ಹೋದ ಮೇಲೆ ಮೆಲ್ಲಗೆ ಕೇಳಿದಳು. ‘ಸುಮಕ್ಕಾರ, ಒಂದೀಟು ಹೆರಳ ಹಾಕ್ತೀರೇನು? ಮೊನ್ನೆಯಿಂದ ಹಿಂಗಽ ಅದೇನಿ.’

ಕೂದಲಲ್ಲಿ ಇನ್ನೂ ಗೋಡೆಯ ಮಣ್ಣಿತ್ತು. ಬಾಚಿ, ಸಿಕ್ಕು ಬಿಡಿಸಿ, ಮೂರು ಕಾಲು ಮಾಡಿ ಹೆಣೆಯತೊಡಗಿದೆ. ಅರ್ಧಕ್ಕೆ ಬಂದಾಗ ಅವಳು ಎಡಗೈ ಹಿಂದಕ್ಕೆ ತಂದು ಹೆರಳನ್ನು ಮುಟ್ಟಿ ನೋಡಿದಳು. ‘ಇದೂ ನನಗ ಆಗಂಗಿಲ್ಲಲ್ರಿ ಇನ್ನ’ ಎಂದಳು. ‘ಮಗ್ಗ ಅಂತೂ ಹೋತಂತ ತಿಳದಿದ್ದೆ. ಇದು ಈಗ ಹೊಳೀತು ನೋಡ್ರಿ.’ ಆಮೇಲೆ ಅತ್ತಳು, ಸದ್ದಿಲ್ಲದೆ, ಬಹಳ ಹೊತ್ತು. ತುದಿಯವರೆಗೂ ಹೆಣೆದು ಗಂಟು ಹಾಕಿದೆ. ಬಿಚ್ಚಿ ಇನ್ನೊಮ್ಮೆ, ಬಿಗಿಯಾಗಿ ಹಾಕಿ ಎಂದಳು. ಹಾಗೇ ಮಾಡಿದೆ.

ಸಂಜೆಯ ಹೊತ್ತಿಗೆ ಹುಬ್ಬಳ್ಳಿಯ ರೈಲು ಹತ್ತಿದೆ. ಬೋಗಿ ತುಂಬಿತ್ತು. ಶೇಂಗಾ ಮಾರುವವರ ಕೂಗು, ಯಾರದೋ ಮೊಬೈಲಿನ ಹಾಡು, ಊರಿನ ಮಾತು. ಬಾಗಲಕೋಟೆಯ ಕೊನೆಯ ಮನೆಗಳು ಹಿಂದಕ್ಕೆ ಸರಿಯುವಾಗ ಅವುಗಳ ಮೇಲೆ ಹೊದಿಸಿದ ನೀಲಿ ಪ್ಲಾಸ್ಟಿಕ್ಕು ಕಂಡಿತು. ಆಗ ಹೊಲಗಳ ಕಡೆಯಿಂದ ಒಂದು ಗಾಳಿ ಬೀಸಿತು. ತಂಪಾದ, ಸಣ್ಣ ಗಾಳಿ. ಮೇ ತಿಂಗಳಲ್ಲಿ ಯಾರಾದರೂ ಮುಖವೊಡ್ಡಿ ಕೂರುವಂಥದು. ಬೋಗಿಯಲ್ಲಿ ಮಾತು ನಿಂತಿತು. ಎಲ್ಲರೂ ಹೊರಗೆ, ಮೇಲಕ್ಕೆ ನೋಡಿದರು. ಎದುರಿಗೆ ಕೂತಿದ್ದ ಹೆಂಗಸು ಎದ್ದು ಕಿಟಕಿಯ ಬಾಗಿಲು ಎಳೆದುಕೊಂಡಳು. ಅವಳ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಆ ಸೆಕೆಯಲ್ಲಿ, ನಾನೂ ನನ್ನ ಕಿಟಕಿಯನ್ನು ಮುಚ್ಚಿದೆ.