ಗಿಡದ ಮೇಲಿನ ಉಣ್ಣೆ

ಮದುವೆ ಮುರಿಯಲು ಏನು ಬೇಕು? ಒಂದು ಗೇಣು ದಾರ ಸಾಕು ಮಕ್ಕಳೇ. ಹೋದ ವಾರ ಕಣ್ಣಾರೆ ಕಂಡೆ.

ಹುನಗುಂದದಲ್ಲಿ ನಿಮ್ಮಣ್ಣ ಬೀರೇಶನ ಮದುವೆ. ಅರಿಸಿನ ಹಚ್ಚಿಸಿಕೊಂಡ ಮದುಮಗಳು ಕಂಕಣಕ್ಕೆ ಕೈ ಚಾಚಿ ಕುಳಿತಿದ್ದಳು. ನನ್ನ ಮೈದುನ, ನಿಮ್ಮ ಚಿಕ್ಕಜ್ಜ ಮಲ್ಲಪ್ಪ ಉಣ್ಣೆಯ ದಾರ ತೆಗೆದ. ತುಳಸಿಗೇರಿಯಿಂದ ಬಂದಿದ್ದ ಹುಡುಗಿಯ ಸೋದರಮಾವ ಹನಮಪ್ಪ ಹತ್ತಿಯ ದಾರ ತೆಗೆದ. ಎರಡೂ ಮನೆಯವರು ಕುರಿ ಕಾಯುವ ದೇವರು ಬೀರಪ್ಪನ ಒಕ್ಕಲೇ. ಆದರೆ ನಮ್ಮದು ಉಣ್ಣೆ ಕಂಕಣದ ಮನೆತನ, ಅವರದು ಹತ್ತಿ ಕಂಕಣದ್ದು. (ಮಾತುಕತೆಯಲ್ಲಿ ಬಂಗಾರ, ಊಟ, ಡಿಜೆ ಎಲ್ಲ ಬಂದಿತ್ತು. ದಾರ ಯಾರಿಗೂ ನೆನಪಾಗಿರಲಿಲ್ಲ.)

“ನಮ್ಮ ಹುಡುಗಿ ಕೈಗೆ ಕುರಿ ಕೂದಲಾ ಕಟ್ಟಾಂಗಿಲ್ರಿ,” ಎಂದ ಹನಮಪ್ಪ.

“ಕುರಿ ಹಾಲು ಕುಡದು ಬೆಳದು, ಕೂದಲಕ್ಕ ಮೂಗು ಮುರೀತೀರೇನು?” ಎಂದ ಮಲ್ಲಪ್ಪ.

“ಹಂಗಾರ ಏಳವ್ವಾ, ನಡಿ!” ಹನಮಪ್ಪ ಟವೆಲ್ ಕೊಡವಿದ. ಹುಡುಗಿಯ ಕಣ್ಣಲ್ಲಿ ನೀರು.

ಗಂಡನಿಲ್ಲದವಳೆಂದು ಇಂಥ ಹೊತ್ತಿನಲ್ಲಿ ನಾನು ಹಿಂದೆಯೇ ಕೂಡುತ್ತೇನೆ. ನಾಲ್ಕು ಜನರೆದುರು ಬಾಯಿಯೂ ಬರುವುದಿಲ್ಲ. ಆದರೆ ನಿಮ್ಮಕ್ಕ ಸುಧಾ ಹೇಳಿದ್ದು ತಲೆಯಲ್ಲಿ ಕುಳಿತಿತ್ತು. (ಬಾಗಲಕೋಟೆಯಲ್ಲಿ ನರ್ಸಿಂಗ್ ಜೊತೆ ಜರ್ಮನ್ ಕ್ಲಾಸ್‌ಗೂ ಹೋಗುತ್ತಾಳಲ್ಲ.) ಹತ್ತಿಗೆ ಅರಬರು ಹೇಳುವ ‘ಕುತ್ನ್’ ಎಂಬ ಮಾತು ಹಡಗೇರಿ ಹೋಗಿ ಇಂಗ್ಲಿಷರ ಕಾಟನ್, ಫ್ರೆಂಚರ ಕೊತೋಂ, ಸ್ಪೇನಿನವರ ಅಲ್ಗೊದೋನ್ ಆಯಿತಂತೆ. ಜರ್ಮನ್ನರು ಆ ಮಾತನ್ನು ತೆಗೆದುಕೊಳ್ಳಲಿಲ್ಲ. ಅವರಿಗೆ ಗೊತ್ತಿದ್ದುದು ಕುರಿ. ಹತ್ತಿಗೆ ‘ಬೌಮ್‌ವೊಲೆ’ ಎಂದರು. ಅಂದರೆ ಮರದ ಉಣ್ಣೆ! ಸ್ವೀಡನ್ನಿನವರೂ ಹಾಗೆಯೇ ಅನ್ನುತ್ತಾರಂತೆ. ಮನೆಗೆ ಹೊಸದು ಬಂದರೆ, ಮನೆಯಲ್ಲಿದ್ದುದರ ಹೆಸರನ್ನೇ ಇಟ್ಟು ಒಳಗೆ ಕರೆದುಕೊಳ್ಳುವುದು ಎಷ್ಟು ಚೆಂದ, ಅಲ್ಲವೇ?

ಎದ್ದು ನಿಂತೆ.

“ಬೀಗರ, ಹತ್ತೀನೂ ಉಣ್ಣೇನ ನೋಡ್ರಿ. ಒಂದು ಕುರಿ ಮ್ಯಾಲೆ ಬೆಳೀತೈತಿ, ಒಂದು ಗಿಡದ ಮ್ಯಾಲೆ. ಎರಡೂ ಕೂಡಿಸಿ ಹೊಸೀರಿ.”

“ಹಂಗಂತ ಯಾರ್ ಹೇಳಿದ್ರಬೇ ಯಮ್ಮಾ?” ಹನಮಪ್ಪ ಕಣ್ಣರಳಿಸಿದ.

“ಜರ್ಮನಿಯವ್ರು.”

“ಅಲ್ಲೂ ಬೀರಪ್ಪನ ಗುಡಿ ಐತೇನು?”

“ಕುರಿ ಅದಾವಂತ. ಬೀರಪ್ಪ ಬಿಟ್ಟಾನ?”

ಮೊದಲು ನಕ್ಕವನು ಮಲ್ಲಪ್ಪ. ಹನಮಪ್ಪ ಮೀಸೆಯೊಳಗೇ ನಕ್ಕು ಮತ್ತೆ ಕುಳಿತ. “ಲಗೂನ ಹೊಸೀರಿ ಅಜ್ಜಿ, ಕೈ ಸೋತಾವು,” ಎಂದಳು ಮದುಮಗಳು. ಎರಡೂ ದಾರಗಳನ್ನು ನನ್ನ ಕೈಗೇ ಕೊಟ್ಟರು. ತೊಡೆಯ ಮೇಲಿಟ್ಟು ಹೊಸೆದೆ.

ಕಂಕಣ ಬಿಚ್ಚುವ ದಿನ ಬೀಗರಿಬ್ಬರೂ ತಮ್ಮ ತಮ್ಮ ಎಳೆ ಹುಡುಕುತ್ತಿದ್ದರು. ಅರಿಸಿನ ಕುಡಿದ ದಾರದಲ್ಲಿ ಕುರಿ ಯಾವುದು, ಗಿಡ ಯಾವುದು?